ಜನಪದದ ನಕಲಿ ಗೇಮ್: ಒಂದು ಸ್ಟಾರ್ ಕೊಟ್ಟರೆ ಲಾಭ ಯಾರಿಗೆ?

ಸಂಪಾದಕರಿಗೆ,

ಮಾನ್ಯರೇ,

ಯಕ್ಷಗಾನದ ಮುಂಡಾಸು, ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತದ ತುರಾಯಿ, ಶಿರಸಿಯ ಬೇಡರ ವೇಷ, ಇಂಥದ್ದೇನಾದರೂ ಅಗ್ಗದ ಮೊಬೈಲ್ ಗೇಮೊಂದರಲ್ಲಿ ಅಡ್ಡಾದಿಡ್ಡಿಯಾಗಿ ಕಂಡರೆ ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗುವುದು ಒಂದೇ. ಯಾರೋ ಸ್ಕ್ರೀನ್‌ಶಾಟ್ ಹಾಕುತ್ತಾರೆ. ‘ನಮ್ಮ ಕಲೆಯನ್ನು ಕದ್ದರು’ ಎಂಬ ಬರಹ ಅದರ ಜೊತೆಗೇ ಬರುತ್ತದೆ. ಕೆಳಗೆ ಗೇಮಿನ ಲಿಂಕ್, ಅದರ ಕೆಳಗೆ ‘ಎಲ್ಲರೂ ಹೋಗಿ ಒಂದೇ ಸ್ಟಾರ್ ಕೊಡಿ’ ಎಂಬ ಕರೆ. ಸಿಟ್ಟು ಬರುವುದು ಸಹಜವೇ. ಆದರೆ ಆ ಸಿಟ್ಟಿನಿಂದ ಮೊದಲ ಲಾಭ ಆಗುವುದು ಗೇಮ್ ಮಾಡಿದವನಿಗೆ. ಈ ಪತ್ರ ಬರೆಯುತ್ತಿರುವ ನಮ್ಮಲ್ಲಿ ಕೆಲವರು ಗೇಮ್ ತಯಾರಿಕೆಯ ಕೆಲಸದವರು, ಕೆಲವರು ಯಕ್ಷಗಾನ ಮೇಳದ ಚೌಕಿ (ಬಣ್ಣದ ಮನೆ), ಹಿಮ್ಮೇಳ ಬಲ್ಲವರು. ಏನು ಮಾಡಿದರೆ ಪ್ರಯೋಜನ, ಏನು ಮಾಡಿದರೆ ಉಲ್ಟಾ ಹೊಡೆಯುತ್ತದೆ ಎಂಬುದನ್ನಷ್ಟೇ ಇಲ್ಲಿ ಹೇಳುತ್ತೇವೆ.

ಪ್ಲೇ ಸ್ಟೋರ್‌ನಲ್ಲಿ ಗೇಮನ್ನು ಇಳಿಸಿಕೊಳ್ಳದೆ ವಿಮರ್ಶೆ ಬರೆಯಲು ಬರುವುದಿಲ್ಲ. ಬೈಯಲಿಕ್ಕೆಂದೇ ಇಳಿಸಿಕೊಂಡವರೂ ಇಳಿಸಿಕೊಂಡವರ ಲೆಕ್ಕಕ್ಕೇ ಸೇರುತ್ತಾರೆ. ‘ಎಷ್ಟು ಕೆಟ್ಟದಾಗಿದೆ ನೋಡೋಣ’ ಎಂದು ಒಂದು ಸಲ ಆಡಿದರೆ ನಡುವೆ ಪೂರ್ತಿ ಪರದೆ ತುಂಬುವ ಜಾಹೀರಾತು ಬರುತ್ತದೆ. ಅದರ ಹಣ ಗೇಮ್ ಮಾಡಿದವನ ಖಾತೆಗೆ. ಇಂಥ ಗೇಮ್‌ಗಳಿಗೆ ಹೆಚ್ಚಾಗಿ ಬೇರೆ ಆದಾಯವೇ ಇಲ್ಲ, ಎಷ್ಟು ಜಾಹೀರಾತು ತೋರಿಸಿದೆವು ಎಂಬುದೊಂದೇ ಅವರ ವ್ಯಾಪಾರ. ಇನ್ನು ಒಂದೇ ದಿನ ನೂರಾರು ಒಂದು-ಸ್ಟಾರ್ ಬಿದ್ದರೆ ಪ್ಲೇ ಸ್ಟೋರಿನ ತಂತ್ರಾಂಶ ಅದನ್ನು ಗುಂಪುದಾಳಿ ಎಂದು ಗುರುತಿಸಿ ಆ ವಿಮರ್ಶೆಗಳನ್ನು ಅಳಿಸಬಹುದು. ಕೊನೆಗೆ ಉಳಿಯುವುದು ಏರಿದ ಡೌನ್‌ಲೋಡ್ ಸಂಖ್ಯೆ.

ಇದು ನಮ್ಮೂರಿನ ರೋಗ ಮಾತ್ರವಲ್ಲ. 2024ರ ಆಗಸ್ಟ್ 20ರಂದು ಚೀನಾದ ಗೇಮ್ ಸೈನ್ಸ್ ಸಂಸ್ಥೆ ‘ಬ್ಲ್ಯಾಕ್ ಮಿತ್: ವುಕಾಂಗ್’ ಎಂಬ ಗೇಮ್ ಬಿಟ್ಟಿತು. ಮಿಂಗ್ ಕಾಲದ ಹಳೆಯ ಕತೆಯ ಕಪಿರಾಜ ಸನ್ ವುಕಾಂಗ್ ಅದರ ಮೂಲ. ಮೂರೇ ದಿನದಲ್ಲಿ ಒಂದು ಕೋಟಿ ಪ್ರತಿ ಮಾರಾಟವಾಯಿತು. ಆಗ ಅದು ಸಿಕ್ಕಿದ್ದು ಕಂಪ್ಯೂಟರ್ ಮತ್ತು ಪ್ಲೇಸ್ಟೇಷನ್ 5 ಎಂಬ ಗೇಮ್ ಯಂತ್ರದಲ್ಲಿ ಮಾತ್ರ. ವರ್ಷದ ಕೊನೆಗೆ ಇನ್ನೊಂದು ಗೇಮ್ ಯಂತ್ರವಾದ ನಿಂಟೆಂಡೊ ಸ್ವಿಚ್‌ನ ಆನ್‌ಲೈನ್ ಅಂಗಡಿಯಲ್ಲಿ ‘ವುಕಾಂಗ್ ಸನ್: ಬ್ಲ್ಯಾಕ್ ಲೆಜೆಂಡ್’ ಎಂಬ ಇನ್ನೊಂದು ಗೇಮ್ ಕಾಣಿಸಿಕೊಂಡಿತು. ಹೆಸರು ಹತ್ತಿರದ್ದು, ಮುಖಚಿತ್ರವೂ ಹತ್ತಿರದ್ದು, ಒಳಗಿರುವುದು ಮಾತ್ರ ಎಡದಿಂದ ಬಲಕ್ಕೆ ಓಡುವ ಸಾದಾ ಆಟ. ಜಾಲತಾಣಗಳಲ್ಲಿ ಗಲಾಟೆಯೋ ಗಲಾಟೆ. ಆ ಗಲಾಟೆಯಲ್ಲಿ ಎರಡು ದೂರುಗಳು ಕಲಸಿಹೋದವು. ‘ವುಕಾಂಗ್‌ನನ್ನು ಕದ್ದರು’ ಎಂಬುದು ಒಂದು, ‘ಆ ಗೇಮಿನ ಚಿತ್ರ, ಹೆಸರು ನಕಲು ಮಾಡಿ ಗಿರಾಕಿಗೆ ಮೋಸ ಮಾಡಿದರು’ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಯಾವ ಕೋರ್ಟಿನಲ್ಲೂ ಬೆಲೆಯಿಲ್ಲ. ನಾನೂರು ವರ್ಷ ಹಳೆಯ ಕಪಿರಾಜ ಯಾರೊಬ್ಬರ ಸ್ವತ್ತೂ ಅಲ್ಲ. ಎರಡನೆಯದರಲ್ಲಿ ಹುರುಳಿದೆ.

ನಮ್ಮಲ್ಲಿಯೂ ಈ ಎರಡನ್ನು ಬಿಡಿಸಿ ನೋಡದಿದ್ದರೆ ದೂರು ನಿಲ್ಲುವುದಿಲ್ಲ. ಜನಪದ ಕತೆ, ಪುರಾಣದ ಪಾತ್ರ, ಯಕ್ಷಗಾನದ ಹಳೆಯ ಪ್ರಸಂಗ (ಪದ್ಯರೂಪದ ಕತೆ), ಸಾಂಪ್ರದಾಯಿಕ ವೇಷಭೂಷಣ ಇವುಗಳಿಗೆ ಭಾರತದ ಕಾನೂನಿನಲ್ಲಿ ಮಾಲೀಕರಿಲ್ಲ. ಜನಪದ ಅಭಿವ್ಯಕ್ತಿಗಳನ್ನು ಕಾಯಲೆಂದೇ ಮಾಡಿದ ಕಾಯ್ದೆ ನಮ್ಮಲ್ಲಿ ಇಲ್ಲ. 2024ರ ಮೇ ತಿಂಗಳಲ್ಲಿ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯಲ್ಲಿ ಅಂಗೀಕಾರವಾದ ಒಪ್ಪಂದ ಕೂಡ ಜೈವಿಕ ಸಂಪನ್ಮೂಲ ಮತ್ತು ಅದಕ್ಕೆ ಸಂಬಂಧಿಸಿದ ಸಾಂಪ್ರದಾಯಿಕ ಜ್ಞಾನದ ಬಗ್ಗೆ, ಹಾಡು-ಕುಣಿತದ ಬಗ್ಗೆ ಅಲ್ಲ. ‘ಯಕ್ಷಗಾನಕ್ಕೂ ಜಿಐ ಟ್ಯಾಗ್ (ಊರಿನ ಹೆಸರಿನ ಸರಕಿಗೆ ಕೊಡುವ ಭೌಗೋಳಿಕ ಗುರುತು) ತೆಗೆದುಕೊಂಡರೆ ಆಯಿತು’ ಎನ್ನುವವರಿದ್ದಾರೆ. ಶಿರಸಿ ಅಡಕೆಗೆ, ಅಂಕೋಲೆಯ ಕರಿ ಈಶಾಡ ಮಾವಿಗೆ ಜಿಐ ಸಿಕ್ಕಿದ್ದು ಅವು ಸರಕು ಎಂಬ ಕಾರಣಕ್ಕೆ. ಯಕ್ಷಗಾನದಂಥ ಪ್ರದರ್ಶನಕ್ಕೆ, ಕುಣಿತಕ್ಕೆ ಅದು ಹೊಂದುವುದಿಲ್ಲ. ಧಾರ್ಮಿಕ ಭಾವನೆಗೆ ಧಕ್ಕೆ ಎಂದು ಪೊಲೀಸ್ ಠಾಣೆಗೆ ಹೋದರೆ ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಂ ಕೇಳುವುದು ಬೇಕೆಂದೇ, ದ್ವೇಷದಿಂದ ಮಾಡಿದ್ದಕ್ಕೆ ಸಾಕ್ಷಿ. ಎಲ್ಲಿಂದಲೋ ಚಿತ್ರ ಎತ್ತಿ ಅಂಟಿಸಿದ ಸೋಮಾರಿಯ ಮೇಲೆ ಅದು ಬಹಳ ಸಲ ನಿಲ್ಲುವುದಿಲ್ಲ.

ಹಾಗಾದರೆ ಯಾವುದಕ್ಕೆ ಮಾಲೀಕರಿದ್ದಾರೆ? ಅಂಕೋಲೆ ಬಡಗೇರಿಯ ಸುಕ್ರಿ ಬೊಮ್ಮಗೌಡ ಅವರನ್ನೇ ತೆಗೆದುಕೊಳ್ಳಿ. 2017ರಲ್ಲಿ ಪದ್ಮಶ್ರೀ ಪಡೆದು, 2025ರ ಫೆಬ್ರುವರಿಯಲ್ಲಿ ತೀರಿಕೊಂಡ ಅವರು ಹಾಡಿದ ಹಾಲಕ್ಕಿ ಹಾಡುಗಳು ತಲೆಮಾರುಗಳಿಂದ ಬಂದವು. ಅವನ್ನು ಯಾರು ಬೇಕಾದರೂ ಹಾಡಬಹುದು, ಗೇಮಿನಲ್ಲಿ ಬೇರೆಯವರಿಂದ ಹಾಡಿಸಲೂಬಹುದು. ಆದರೆ ಅವರದೇ ದನಿಯಿರುವ ಧ್ವನಿಮುದ್ರಣವನ್ನು ಕತ್ತರಿಸಿ ಗೇಮಿಗೆ ಹಾಕುವುದು ಬೇರೆ ಮಾತು. 1957ರ ಕೃತಿಸ್ವಾಮ್ಯ ಕಾಯ್ದೆಯ 38, 38ಎ ಕಲಂಗಳ ಪ್ರಕಾರ ಪ್ರದರ್ಶಕರಿಗೆ ತಮ್ಮ ಪ್ರದರ್ಶನದ ಮೇಲೆ ಹಕ್ಕಿದೆ. ಪ್ರದರ್ಶನ ನಡೆದ ವರ್ಷದ ಮುಂದಿನ ವರ್ಷದ ಆರಂಭದಿಂದ 50 ವರ್ಷ. ಕಾಯ್ದೆ ಹೇಳುವ ‘ಪ್ರದರ್ಶಕ’ರಲ್ಲಿ ಗಾಯಕ, ವಾದಕ, ನರ್ತಕ, ನಟ ಎಲ್ಲರೂ ಸೇರಿದ್ದಾರೆ, ಹಾವಾಡಿಗನ ತನಕ. 2012ರ ತಿದ್ದುಪಡಿಯಲ್ಲಿ ಬಂದ 38ಬಿ ಪ್ರಕಾರ ಹೆಸರು ಹೇಳಬೇಕೆಂದು ಕೇಳುವ, ಮರ್ಯಾದೆಗೆ ಕುಂದು ಬರುವಂತೆ ತಿರುಚಿದರೆ ತಡೆಯುವ ಹಕ್ಕೂ ಇದೆ. ಯಕ್ಷಗಾನದ ಹಾಡುಗಾರರಾದ ಭಾಗವತರ ಪದ, ಚಂಡೆಯ ಪೆಟ್ಟು, ವೇಷಧಾರಿಯ ಕುಣಿತದ ವಿಡಿಯೊ ಎಲ್ಲಕ್ಕೂ ಇದು ಅನ್ವಯ. ಪ್ರಸಂಗದ ವಿಷಯಕ್ಕೆ ಬಂದರೆ ಹಿಂದಿನ ಯಕ್ಷಗಾನ ಕವಿ ಪಾರ್ತಿಸುಬ್ಬನ ಪದ್ಯಕ್ಕೆ ಯಾರ ಅಪ್ಪಣೆಯೂ ಬೇಡ. ಇವತ್ತಿನ ಕವಿ ಬರೆದ ಹೊಸ ಪ್ರಸಂಗದ ಪದ್ಯಕ್ಕೆ ಬೇಕು. ಕವಿಯ ಜೀವಮಾನ ಮತ್ತು ಆಮೇಲಿನ 60 ವರ್ಷ ಅದು ಕವಿಯದೇ, ಇಲ್ಲವೇ ಅವರು ಬರೆದುಕೊಟ್ಟವರದು.

ಫೋಟೊದ ವಿಚಾರದಲ್ಲಿ ಮೇಳದವರು ಹೆಚ್ಚು ಎಡವುತ್ತಾರೆ. ದುಡ್ಡು ಕೊಟ್ಟು ಕರೆಸಿದ ಛಾಯಾಗ್ರಾಹಕ ತೆಗೆದ ಚಿತ್ರದ ಮೊದಲ ಒಡೆತನ, ಬೇರೆ ಕರಾರು ಇಲ್ಲದಿದ್ದರೆ, ಕರೆಸಿದವರದು. ತಾನೇ ಬಂದು ರಂಗಸ್ಥಳದ ಎದುರು ಕೂತು ತೆಗೆದವನ ಚಿತ್ರ ಅವನದು. ಅಂಥ ಚಿತ್ರ ಗೇಮಿನ ಐಕಾನ್ ಆದರೆ ಮೇಳ ದೂರು ಕೊಟ್ಟು ಉಪಯೋಗವಿಲ್ಲ, ಛಾಯಾಗ್ರಾಹಕನೇ ಕೊಡಬೇಕು. ಯೂಟ್ಯೂಬ್‌ನಲ್ಲಿ ಇಡೀ ರಾತ್ರಿಯ ಯಕ್ಷಗಾನ ಹಾಕುವ ಚಾನೆಲ್‌ನವರೂ ಒಂದು ವಿಷಯ ಗಮನಿಸಬೇಕು. ವಿಡಿಯೊ ಏರಿಸುವಾಗ ಪರವಾನಗಿಯ ಜಾಗದಲ್ಲಿ ‘ಕ್ರಿಯೇಟಿವ್ ಕಾಮನ್ಸ್’ ಆರಿಸಿದ್ದರೆ, ಹೆಸರು ಹೇಳಿ ಯಾರು ಬೇಕಾದರೂ, ವ್ಯಾಪಾರಕ್ಕೂ, ಬಳಸಿಕೊಳ್ಳಿ ಎಂದು ಬರೆದುಕೊಟ್ಟಂತೆ. ಕಲಾವಿದರ ಒಪ್ಪಿಗೆಯಿಲ್ಲದೆ ಹಾಗೆ ಬರೆದುಕೊಡುವ ಅಧಿಕಾರ ಚಾನೆಲ್‌ಗೆ ಇಲ್ಲ. ಹಳೆಯ ವಿಡಿಯೊಗಳ ಸೆಟ್ಟಿಂಗ್ ಈಗಲೇ ತೆರೆದು ನೋಡುವುದು ಒಳ್ಳೆಯದು.

ಇನ್ನು ಈ ಗೇಮ್‌ಗಳು ತಯಾರಾಗುವ ಬಗೆ. ‘ಯಕ್ಷಗಾನ ತಿಳಿಯದವರು ಮಾಡಿದ್ದು’ ಎಂದು ಬೈದರೆ ಅರ್ಧ ಮಾತ್ರ ಹೇಳಿದಂತೆ. ತಪ್ಪುಗಳಲ್ಲಿ ಬಹುಪಾಲು ಅಜ್ಞಾನದಿಂದ ಬಂದದ್ದಲ್ಲ, ಅಗ್ಗದ ಅಚ್ಚಿನಿಂದ ಬಂದದ್ದು. ಓಡುತ್ತ ನಾಣ್ಯ ಹೆಕ್ಕುವ, ಅಡ್ಡ ಬಂದದ್ದನ್ನು ಹಾರುವ ಆಟದ ಸಿದ್ಧ ಅಚ್ಚು ಗೇಮ್ ಕಟ್ಟುವ ತಂತ್ರಾಂಶಗಳ, ಅಂದರೆ ಯುನಿಟಿಯಂಥ ಗೇಮ್ ಎಂಜಿನ್‌ಗಳ ಮಾರುಕಟ್ಟೆಯಲ್ಲಿ ಸಿಗುತ್ತದೆ. ಕೋಡ್, ರಸ್ತೆ, ನಾಣ್ಯ, ಅಂಕ ಎಲ್ಲ ಅದರಲ್ಲೇ ಇರುತ್ತದೆ. ಕೊಂಡವನು ಬದಲಿಸುವುದು ಪಾತ್ರದ ಗೊಂಬೆ, ಮೈಬಣ್ಣ, ಹಾಡು, ಐಕಾನ್, ಹೆಸರು ಇಷ್ಟೇ. ಆಮೇಲೆ ಜಾಹೀರಾತಿನ ತುಣುಕು ಸೇರಿಸಿ ಅಂಗಡಿಗೆ ಏರಿಸುತ್ತಾನೆ. ಪ್ಲೇ ಸ್ಟೋರ್ ಖಾತೆಗೆ ಒಂದೇ ಸಲ 25 ಡಾಲರ್. ಹೊಸ ವೈಯಕ್ತಿಕ ಖಾತೆಯಾದರೆ ಕನಿಷ್ಠ 12 ಜನ 14 ದಿನ ಎಡೆಬಿಡದೆ ಪರೀಕ್ಷಿಸಬೇಕೆಂಬ ನಿಯಮವಿದೆ (2023ರಲ್ಲಿ ಬಂದಾಗ 20 ಜನ ಬೇಕಿತ್ತು). ಸಂಸ್ಥೆಯ ಹೆಸರಿನ ಖಾತೆಗೆ, ಹಳೆಯ ಖಾತೆಗೆ ಅದು ಇಲ್ಲ. ನಕಲಿನವರು ಆ ದಾರಿಯಿಂದ ಬರಬಹುದು.

ಶಿರಸಿಯ ಬೇಡರ ವೇಷವನ್ನು ಇಂಥ ಅಚ್ಚಿಗೆ ಹಾಕಿದರೆ ಏನಾಗುತ್ತದೆ ನೋಡಿ. ಮಾರಿಕಾಂಬೆಯ ಜಾತ್ರೆ ಇಲ್ಲದ ವರ್ಷ, ಹೋಳಿಯ ಹೊತ್ತಿಗೆ ಬರುವ ವೇಷ ಅದು. ಬೆನ್ನ ಹಿಂದೆ ಹರಡಿದ ನವಿಲುಗರಿ, ಕೆಂಪು ಉಡುಗೆ, ದಪ್ಪ ಮೀಸೆ, ಕೈಯಲ್ಲಿ ಕತ್ತಿ-ಗುರಾಣಿ. ಹಿಂದಿನಿಂದ ಇಬ್ಬರು ಹಗ್ಗ ಹಿಡಿದಿರುತ್ತಾರೆ, ತಮಟೆಯ ಪೆಟ್ಟಿಗೆ ವೇಷ ಜನರ ಮೇಲೆ ಎಗರುತ್ತದೆ. ಓಡುವ ಆಟದಲ್ಲಿ ಕ್ಯಾಮೆರಾ ಪಾತ್ರದ ಬೆನ್ನ ಹಿಂದೆ ಇರುತ್ತದೆ. ಅಷ್ಟಗಲದ ಗರಿ ಇಟ್ಟರೆ ಮುಂದಿನ ರಸ್ತೆಯೇ ಕಾಣುವುದಿಲ್ಲ. ಹಾಗಾಗಿ ಗರಿಗಳನ್ನು ಬೀಸಣಿಗೆಯಷ್ಟಕ್ಕೆ ಇಳಿಸುತ್ತಾರೆ. ಹಗ್ಗವನ್ನು ಸಹಜವಾಗಿ ತೊನೆಯುವಂತೆ ಮಾಡಲು ಪ್ರತಿ ಕ್ಷಣ ಲೆಕ್ಕ ಹಾಕಬೇಕು, ಅಗ್ಗದ ಫೋನ್ ಬಿಸಿಯಾಗುತ್ತದೆ. ಹಗ್ಗ ಹೋಯಿತು, ಹಗ್ಗ ಹಿಡಿದವರೂ ಹೋದರು. ಉಳಿದವನು ಕತ್ತಿ ಹಿಡಿದು ಓಡುವ ಒಬ್ಬ ಶೂರ.

ಐತಿಹ್ಯದಲ್ಲಿ ಅವನು ಶೂರನೇ ಅಲ್ಲ. ಸೋಂದೆಯ ಅರಸರು ಊರು ಕಾಯಲು ಇಟ್ಟ ಬೇಡ ಮಲ್ಲೇಶಿ ಊರಿಗೇ ಉಪದ್ರವಿಯಾದ, ಹೆಣ್ಣುಮಕ್ಕಳು ಹೊರಗೆ ಕಾಲಿಡದಂತೆ ಮಾಡಿದ. ರುದ್ರಾಂಬಿಕೆ ಎಂಬ ಹುಡುಗಿ ಅವನನ್ನು ಮದುವೆಯಾಗಿ, ಹೋಳಿಯ ದಿನ ಅವನ ಕಣ್ಣಿಗೆ ಆಮ್ಲ ಎರಚಿ, ಊರವರು ಹಿಡಿದು ಕಟ್ಟುವಂತೆ ಮಾಡಿದಳು ಎಂಬುದು ಕತೆ. ವೇಷವನ್ನು ಹಗ್ಗದಲ್ಲಿ ಹಿಡಿಯುವುದು ಅದಕ್ಕೇ. ಹಗ್ಗ ತೆಗೆದ ಗೇಮಿನಲ್ಲಿ ಪೀಡಕ ನಾಯಕನಾಗುತ್ತಾನೆ, ರುದ್ರಾಂಬಿಕೆ ಕತೆಯಿಂದಲೇ ಮಾಯ. ಬಣ್ಣ ತಪ್ಪಾದದ್ದಕ್ಕಿಂತ ನಮಗೆ ಇದು ಹೆಚ್ಚು ಕಸಿವಿಸಿ. ತಮಾಷೆಯೆಂದರೆ ಆಟವಾಗಿ ನೋಡಿದರೂ ರುದ್ರಾಂಬಿಕೆಯ ಪಾತ್ರವೇ ಸ್ವಾರಸ್ಯದ್ದು: ಕತ್ತಿಯಿಲ್ಲ, ಸಮಯ ಕಾಯಬೇಕು, ಪೀಡಕನ ನಂಬಿಕೆ ಗಳಿಸಬೇಕು, ಊರವರನ್ನು ಒಟ್ಟು ಮಾಡಬೇಕು. ಓಡುವ ಅಚ್ಚಿನಲ್ಲಿ ಅದು ಹಿಡಿಸುವುದಿಲ್ಲ.

ಯಕ್ಷಗಾನದ ವೇಷಕ್ಕೂ ಇಂಥದೇ ಗತಿ. ಪಾತ್ರದ ಸಿದ್ಧ ಗೊಂಬೆಯನ್ನು ಅಲುಗಾಡಿಸುವ ಎಲುಬುಗೂಡಿನಲ್ಲಿ ತಲೆಗೆ ಒಂದೇ ಎಲುಬು, ಭುಜಕ್ಕೆ ತಲಾ ಒಂದು. ಅದರ ಮೇಲೆ ಬಡಗುತಿಟ್ಟಿನ (ಯಕ್ಷಗಾನದ ಉತ್ತರದ ಶೈಲಿಯ) ಮುಂಡಾಸು ಕೂರಿಸಿ, ಭುಜಕೀರ್ತಿ, ಎದೆಕಟ್ಟು ಹಾಕಿದರೆ ಕೈ ಎತ್ತಿದಾಗಲೆಲ್ಲ ಭುಜಕೀರ್ತಿ ಮುಂಡಾಸಿನೊಳಗೆ ತೂರಿಕೊಳ್ಳುತ್ತದೆ. ನಿಜವಾದ ವೇಷಧಾರಿ ಕೈ ಎತ್ತುವುದೇ ಬೇರೆ ರೀತಿ. ಮೈಮೇಲಿನ ಭಾರ ಅವನ ಭುಜವನ್ನು ಹಿಡಿದಿಡುತ್ತದೆ, ಕುಣಿತದ ಚೆಂದವೂ ಅಲ್ಲಿಂದಲೇ ಹುಟ್ಟುವುದು. ಅದನ್ನು ಸರಿಮಾಡಲು ಮುಂಡಾಸಿಗೆ, ಭುಜಕೀರ್ತಿಗೆ ಪ್ರತ್ಯೇಕ ಎಲುಬು ಕೊಟ್ಟು ಕುಣಿತವನ್ನು ಹೊಸದಾಗಿ ಮಾಡಬೇಕು. ಅಗ್ಗದವರು ಆಭರಣವನ್ನೇ ಸಣ್ಣದು ಮಾಡುತ್ತಾರೆ. ಕಸೆ ಸೀರೆಯ ಕೆಂಪು-ಹಳದಿ ಚೌಕುಳಿ ಸಣ್ಣ ಪರದೆಯಲ್ಲಿ ದೂರ ಹೋದಂತೆ ಮಿನುಗಿ ಕಣ್ಣು ಕುಕ್ಕುತ್ತದೆ. ದೂರಕ್ಕೆ ಬೇರೆ, ಹತ್ತಿರಕ್ಕೆ ಬೇರೆ ಅಳತೆಯ ಚಿತ್ರ ಇಟ್ಟರೆ ಸರಿಹೋಗುತ್ತದೆ, ಬದಲಿಗೆ ಒಂದೇ ಬಣ್ಣ ಬಳಿದು ಮುಗಿಸುತ್ತಾರೆ. ಬಡಗಿನ ವೇಷಕ್ಕೆ ತೆಂಕುತಿಟ್ಟಿನ (ದಕ್ಷಿಣದ ಶೈಲಿಯ) ಧೀಂಗಿಣ ಹಾಕಿಸುತ್ತಾರೆ, ಯಾಕೆಂದರೆ ಗರಗರ ತಿರುಗುವ ಚಲನೆ ಸಿದ್ಧವಾಗಿ ಸಿಗುತ್ತದೆ, ಮಂಡಿ ಕುಣಿತ ಸಿಗುವುದಿಲ್ಲ.

ಈಗ ಎಐ ಚಿತ್ರ ಸೇರಿಕೊಂಡಿದೆ. ರಾಜವೇಷದ ಮುಖಕ್ಕೆ ಕಥಕ್ಕಳಿಯ ಹಸಿರು, ತಲೆಗೆ ಕೇರಳದ ತೆಯ್ಯಂನ ಮುಡಿ, ಸೊಂಟದ ಕೆಳಗೆ ಬಡಗಿನ ಕಸೆ, ಎಲ್ಲ ಒಂದೇ ಮೈಯಲ್ಲಿ. ಬಡಗಿನಲ್ಲಿ ಮುಖದ ಮೂಲಬಣ್ಣ ಹಳದಿ ಬೆರೆತ ಗುಲಾಬಿ ಛಾಯೆ ಎಂಬುದು ಆ ಯಂತ್ರಕ್ಕೆ ಯಾರು ಹೇಳಬೇಕು? ಅಂತರ್ಜಾಲದಲ್ಲಿ ತಿಟ್ಟು, ವೇಷದ ಹೆಸರು ಸರಿಯಾಗಿ ಬರೆದ ಚಿತ್ರಗಳೇ ಕಡಿಮೆ.

ಹಾಡಿನ ತಪ್ಪು ಇನ್ನೂ ಸುಲಭವಾಗಿ ಹಿಡಿಯಬಹುದಾದದ್ದು. ಗೇಮಿನಲ್ಲಿ ಸಂಗೀತದ ಒಂದು ತುಂಡು ಮತ್ತೆ ಮತ್ತೆ ತಿರುಗುತ್ತಿರುತ್ತದೆ. ಕತ್ತರಿಸುವವನ ಅಭ್ಯಾಸ ನಾಲ್ಕು, ಎಂಟು, ಹದಿನಾರರದ್ದು. ತ್ರಿವುಡೆ ತಾಳ ಏಳು ಮಾತ್ರೆಯದು. ನಿಮಿಷಕ್ಕೆ 120 ಮಾತ್ರೆಯ ವೇಗದಲ್ಲಿ ಒಂದು ಮಾತ್ರೆಗೆ ಅರ್ಧ ಸೆಕೆಂಡ್, ತಾಳದ ಒಂದು ಪೂರ್ತಿ ಸುತ್ತಿಗೆ (ಆವರ್ತಕ್ಕೆ) 3.5 ಸೆಕೆಂಡ್. ತುಂಡು 3.5, 7, 10.5, 14 ಹೀಗೆ ಮುಗಿಯಬೇಕು. 4 ಸೆಕೆಂಡಿಗೆ ಕತ್ತರಿಸಿದರೆ ಪ್ರತಿ ಸುತ್ತಿಗೂ ಒಂದು ಮಾತ್ರೆ ಹೆಚ್ಚು. ಚಂಡೆ ಮುಗ್ಗರಿಸಿದಂತೆ ಕೇಳುತ್ತದೆ. ಕೇಳಿದವರಿಗೆ ಏನೋ ಸರಿಯಿಲ್ಲ ಎನಿಸುತ್ತದೆ, ಏನೆಂದು ಹೇಳಲಾಗುವುದಿಲ್ಲ. ಗುಮಟೆಯ ಬದಲು ತಬಲಾ ಹಾಕುವುದೂ ಇಂಥದೇ. ಮಣ್ಣಿನ ಗುಮಟೆಗೆ ಒಂದು ಕಡೆ ಮಾತ್ರ ಚರ್ಮ, ಇನ್ನೊಂದು ಕಡೆಯ ಬಾಯಿಯನ್ನು ಅಂಗೈಯಿಂದ ಮುಚ್ಚಿ ತೆರೆದು ನಾದ ಬದಲಿಸುತ್ತಾರೆ. ಆ ಉಸಿರಿನಂಥ ಏರಿಳಿತ ಸಿದ್ಧ ಧ್ವನಿ ಸಂಗ್ರಹಗಳಲ್ಲಿ ಸಿಗುವುದು ಕಷ್ಟ.

ದೂರು ಕೊಡುವ ಕೆಲಸಕ್ಕೆ ಬರೋಣ. ಮೊದಲು ಬೇಕಾದದ್ದು ಗೇಮಿನ ಹೆಸರಲ್ಲ, ಅದರ ಪ್ಯಾಕೇಜ್ ಹೆಸರು. ಪ್ಲೇ ಸ್ಟೋರ್‌ನ ವಿಳಾಸದಲ್ಲಿ ‘ಐಡಿ’ ಎಂಬುದರ ಮುಂದೆ, ಸಮ ಚಿಹ್ನೆಯ ಆಚೆ, ಚುಕ್ಕಿಗಳಿಂದ ಬಿಡಿಸಿದ ಸಣ್ಣಕ್ಷರದ ಸಾಲು ಇರುತ್ತದೆ. ಗೇಮಿನ ಹೆಸರು, ಐಕಾನ್ ಎರಡನ್ನೂ ತಯಾರಕ ರಾತ್ರೋರಾತ್ರಿ ಬದಲಿಸಬಲ್ಲ, ಪ್ಯಾಕೇಜ್ ಹೆಸರು ಬದಲಾಗದು. ಅದರ ಜೊತೆಗೆ ತಯಾರಕನ ಹೆಸರು, ಇಮೇಲ್, ಪುಟದ ಕೆಳಗೆ ವಿಳಾಸ ಕಂಡರೆ ಅದನ್ನೂ ಬರೆದಿಟ್ಟುಕೊಳ್ಳಿ. ದಿನಾಂಕ ಕಾಣುವಂತೆ ಸ್ಕ್ರೀನ್ ರೆಕಾರ್ಡ್ ಮಾಡಿ. ಇದಕ್ಕೆ ಗುಂಪಿನಲ್ಲಿ ಒಬ್ಬರು, ಒಂದು ಫೋನ್ ಸಾಕು. ಇನ್ನೂರು ಜನ ಇಳಿಸಿಕೊಳ್ಳಬೇಕಿಲ್ಲ. ಗೇಮನ್ನು ಫೋನಿಗೆ ಹಾಕುವ ಎಪಿಕೆ ಕಡತ ನಿಜವಾಗಿ ಹಲವು ಕಡತಗಳನ್ನು ಒಳಗೆ ಕಟ್ಟಿಟ್ಟ ಒಂದು ಜಿಪ್ ಕಡತ. ಕಂಪ್ಯೂಟರ್‌ನಲ್ಲಿ ಅದನ್ನು ಬಿಚ್ಚಿ, ಒಳಗಿನ ಧ್ವನಿ ಬೇರೆಯಾಗಿ ಸಿಕ್ಕರೆ ಮೂಲ ಮುದ್ರಣದ ಪಕ್ಕದಲ್ಲಿಟ್ಟು ಕೇಳಬಹುದು. ಭಾಗವತರು ಉಸಿರು ತೆಗೆದುಕೊಂಡ ಜಾಗ, ಹಿಂದಿನಿಂದ ಬಂದ ಸೀಟಿ, ಮೈಕ್‌ನ ಕೀರಲು ಎರಡರಲ್ಲೂ ಒಂದೇ ಕಡೆ ಇದ್ದರೆ ಅದೇ ಮುದ್ರಣವೆಂದು ತೋರಿಸಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಕೋರ್ಟಿನ ತನಕ ಹೋಗುವ ಅಂದಾಜಿದ್ದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕು, ಅದರಲ್ಲಿ ಕಡತದ ಹ್ಯಾಶ್ ಅಂಕಿ (ಕಡತದ ಬೆರಳಚ್ಚಿನಂಥ ಸಂಖ್ಯೆ) ನಮೂದಿಸಬೇಕು. ಕಡತ ಸಿಕ್ಕ ದಿನವೇ ಹ್ಯಾಶ್ ತೆಗೆದಿಡಿ. ಆಮೇಲೆ ಅದನ್ನು ತೆರೆದು ತಿದ್ದಿ ಉಳಿಸಿದರೆ ಅಂಕಿ ಬದಲಾಗುತ್ತದೆ.

ದೂರಿಗೆ ಎರಡು ಬಾಗಿಲುಗಳಿವೆ. ಗೇಮಿನ ಪುಟದ ಮೂರು ಚುಕ್ಕಿ ಒತ್ತಿದರೆ ‘ಫ್ಲ್ಯಾಗ್’ ಮಾಡುವ ಆಯ್ಕೆ ಸಿಗುತ್ತದೆ. ಕಾರಣಗಳ ಪಟ್ಟಿಯಲ್ಲಿ ನಕಲು ಅಥವಾ ಸೋಗು ಎಂಬರ್ಥದ್ದು ಇದೆ. ಇದನ್ನು ಯಾರು ಬೇಕಾದರೂ ಮಾಡಬಹುದು, ಇಳಿಸಿಕೊಳ್ಳುವ ಅಗತ್ಯವೂ ಇಲ್ಲ. ಗೇಮ್ ಒಂದು ಮೇಳದ ಹೆಸರು, ಲಾಂಛನ ಹಾಕಿಕೊಂಡು ತಾನೇ ಆ ಮೇಳದ್ದು ಎಂಬಂತೆ ತೋರಿಸಿಕೊಂಡರೆ ಇದು ಸರಿಯಾದ ಬಾಗಿಲು. ಕದ್ದ ಹಾಡು, ಚಿತ್ರಕ್ಕೆ ಗೂಗಲ್‌ನ ಕಾನೂನು ದೂರಿನ ನಮೂನೆ ತುಂಬಬೇಕು, ಅದನ್ನು ತುಂಬುವವರು ಹಕ್ಕುದಾರರು ಅಥವಾ ಅವರು ಅಧಿಕಾರ ಕೊಟ್ಟವರೇ ಆಗಿರಬೇಕು. ‘ನಮ್ಮ ಸಂಸ್ಕೃತಿಗೆ ಅವಮಾನ’ ಎಂದು ಅಲ್ಲಿ ಬರೆದರೆ ದೂರು ಮುಂದೆ ಹೋಗದು. ‘ಇಂಥ ಲಿಂಕ್‌ನಲ್ಲಿರುವ ನಮ್ಮ ಮುದ್ರಣದ 12ನೇ ನಿಮಿಷದ 10ನೇ ಸೆಕೆಂಡಿನಿಂದ 40ನೇ ಸೆಕೆಂಡಿನ ತನಕದ ಭಾಗ, ಈ ಪ್ಯಾಕೇಜಿನ ಗೇಮಿನ ಮೊದಲ ಪರದೆಯಲ್ಲಿ ಕೇಳುತ್ತದೆ’ ಎಂಬ ರೀತಿಯಲ್ಲಿ ಬರೆದರೆ ಪರಿಶೀಲಿಸುವವನಿಗೆ ಬೇರೆ ಪ್ರಶ್ನೆ ಉಳಿಯುವುದಿಲ್ಲ. ಗೇಮ್ ತೆಗೆದುಹಾಕಿದ ಮೇಲೆ ಅದರ ತಯಾರಕ ಪ್ರತಿದೂರು ಕೊಡಬಹುದು. ಅಮೆರಿಕದ ಕಾನೂನಿನ ಆ ಪದ್ಧತಿಯಲ್ಲಿ 10ರಿಂದ 14 ಕೆಲಸದ ದಿನಗಳೊಳಗೆ ಕೋರ್ಟಿಗೆ ಹೋದದ್ದನ್ನು ದೂರುದಾರ ತೋರಿಸದಿದ್ದರೆ ಗೇಮ್ ವಾಪಸ್ ಬರುತ್ತದೆ. ಆದ್ದರಿಂದ ದೂರಿಗೆ ಮುಂಚೆಯೇ ವಕೀಲರ ಜೊತೆ ಒಂದು ಮಾತು ಆಡಿಟ್ಟಿರಬೇಕು. ಹಕ್ಕಿಲ್ಲದವರು ಸುಮ್ಮನೆ ನೋಟಿಸ್ ಬೆದರಿಕೆ ಹಾಕಿದರೆ ಕೃತಿಸ್ವಾಮ್ಯ ಕಾಯ್ದೆಯ 60ನೇ ಕಲಂ ಎದುರಿನವನಿಗೇ ಪರಿಹಾರ ಕೊಡಿಸಬಹುದು ಎಂಬುದೂ ನೆನಪಿರಲಿ.

ಮೇಳಗಳು ಹೆಸರು-ಲಾಂಛನವನ್ನು ಟ್ರೇಡ್‌ಮಾರ್ಕ್ ಮಾಡಿಸಿಕೊಳ್ಳುವುದು ದೊಡ್ಡ ಖರ್ಚಿನದಲ್ಲ. ಮನರಂಜನೆಗೆ 41ನೇ ವರ್ಗ. ಆನ್‌ಲೈನ್ ಅರ್ಜಿಗೆ ವ್ಯಕ್ತಿಯ ಹೆಸರಿನಲ್ಲಾದರೆ 4,500 ರೂಪಾಯಿ, ಟ್ರಸ್ಟ್ ಮುಂತಾದವುಗಳಿಗೆ 9,000. ಹತ್ತು ವರ್ಷ ನಡೆಯುತ್ತದೆ, ನವೀಕರಿಸಬಹುದು. ಅದಕ್ಕಿಂತ ಮುಖ್ಯ, ಯಕ್ಷಗಾನ ಚಿತ್ರೀಕರಿಸಲು ಬರುವವರ ಜೊತೆ ಒಂದು ಹಾಳೆಯ ಕರಾರು. ಬಾಯಿಮಾತಿನಲ್ಲಿ ಹಕ್ಕು ವರ್ಗವಾಗುವುದಿಲ್ಲ, ಬರವಣಿಗೆ ಬೇಕು. ಬರೆದುಕೊಡುವಾಗ ಎಷ್ಟು ವರ್ಷ ಎಂದು ಹೇಳದಿದ್ದರೆ ಕಾಯ್ದೆ ಐದು ವರ್ಷ ಎಂದು ಹಿಡಿಯುತ್ತದೆ, ಎಲ್ಲಿಗೆ ಎಂದು ಹೇಳದಿದ್ದರೆ ಭಾರತಕ್ಕೆ ಮಾತ್ರ. ‘ಎಲ್ಲ ಬಗೆಯ ಬಳಕೆಗೆ, ಶಾಶ್ವತವಾಗಿ, ಜಗತ್ತಿನಾದ್ಯಂತ’ ಎಂಬ ಸಾಲು ಕಂಡರೆ ಪೆನ್ ಕೆಳಗಿಡಿ. ಯೂಟ್ಯೂಬ್‌ಗೆ ಎಂದರೆ ಯೂಟ್ಯೂಬ್‌ಗೆ ಮಾತ್ರ. ಗೇಮ್, ರಿಂಗ್‌ಟೋನ್, ಎಐ ತರಬೇತಿ ಇವಕ್ಕೆ ಬೇರೆ ಮಾತುಕತೆ ಎಂದು ಬರೆಸಿ. ಹಿಮ್ಮೇಳದವರ ಸಹಿಯನ್ನೂ ಹಾಕಿಸಬೇಕು. ಗೇಮಿಗೆ ಮೊದಲು ಕದಿಯುವುದು ಚಂಡೆಯನ್ನೇ, ಕರಾರಿನಲ್ಲಿ ಮರೆಯುವುದೂ ಚಂಡೆಯವರನ್ನೇ.

ಇಷ್ಟೆಲ್ಲ ಮಾಡಿದರೂ ತಡೆಯಬಹುದಾದದ್ದು ಕಳವನ್ನು. ಕಳಪೆಯನ್ನು ತಡೆಯಲಾಗದು, ಅದರ ಎದುರು ಒಳ್ಳೆಯದನ್ನು ಇಡಬೇಕಷ್ಟೆ. ವುಕಾಂಗ್ ಗೇಮಿನವರು ಚೀನಾದ 36 ನಿಜವಾದ ಸ್ಥಳಗಳನ್ನು ಬಳಸಿದ್ದರು, ಅದರಲ್ಲಿ 27 ಶಾನ್ಶಿ ಪ್ರಾಂತ್ಯವೊಂದರದೇ. ಹಳೆಯ ಗುಡಿ, ಮೂರ್ತಿಗಳನ್ನು ಸ್ಕ್ಯಾನ್ ಮಾಡಿ ತಂದಿದ್ದರು. ಅಲಾಸ್ಕದ ಇನ್ಯೂಪಿಯಾಕ್ ಜನರ ಕತೆಯ ಮೇಲೆ 2014ರಲ್ಲಿ ಬಂದ ‘ನೆವರ್ ಅಲೋನ್’ ಗೇಮಿನಲ್ಲಿ ಅಲ್ಲಿನ ಮೂಲನಿವಾಸಿಗಳ ಕುಕ್ ಇನ್ಲೆಟ್ ಬುಡಕಟ್ಟು ಮಂಡಳಿಯೇ ಪಾಲುದಾರ. ಆಡುತ್ತ ಹೋದಂತೆ ಆ ಜನ ತಮ್ಮ ಬದುಕಿನ ಬಗ್ಗೆ ಮಾತಾಡುವ ವಿಡಿಯೊಗಳು ತೆರೆದುಕೊಳ್ಳುತ್ತವೆ. ಪುಣೆಯ ನಾಡಿಂಗ್ ಹೆಡ್ಸ್ ಎಂಬ ಸಣ್ಣ ತಂಡ 2020ರಲ್ಲಿ ‘ರಾಜಿ’ ಗೇಮನ್ನು ನಮ್ಮ ಪುರಾಣದ ಮೇಲೆಯೇ ಮಾಡಿತು. 2024ರಿಂದ 2029ರ ಅವಧಿಗೆ ಕರ್ನಾಟಕ ಸರ್ಕಾರದ ಆ್ಯನಿಮೇಷನ್-ಗೇಮಿಂಗ್ ನೀತಿಯೂ ಇದೆ. ಅದು ಬೆಂಗಳೂರಿನ ಹೊರಗೆ ಎಷ್ಟು ಕಾಣಿಸಿಕೊಳ್ಳುತ್ತದೆ ಎಂಬುದು ಬೇರೆ ಮಾತು.

ಇಲ್ಲಿ ಮಾಡಬಹುದಾದದ್ದು ದೊಡ್ಡ ಗೇಮ್ ಆಗಬೇಕಿಲ್ಲ, ಒಳ್ಳೆಯ ಕಚ್ಚಾ ಸಾಮಗ್ರಿ ಸಾಕು. ಮೇಳಗಳ ತಿರುಗಾಟ ನಿಂತ ಮಳೆಗಾಲ ಇದಕ್ಕೆ ಹೇಳಿ ಮಾಡಿಸಿದ ಕಾಲ. ಚಂಡೆ, ಮದ್ದಳೆ, ತಾಳ, ಭಾಗವತರ ದನಿ ನಾಲ್ಕನ್ನೂ ಬೇರೆ ಬೇರೆ ಮೈಕಿನಲ್ಲಿ ಮುದ್ರಿಸಿ. ಫೋನಿನಲ್ಲಿ ಬೇಡ. ಫೋನ್ ತಾನಾಗಿ ಧ್ವನಿಮಟ್ಟ ಹೊಂದಿಸಿಕೊಳ್ಳುತ್ತದೆ, ಚಂಡೆಯ ಒಂದು ಪೆಟ್ಟು ಬಿದ್ದ ಕೂಡಲೇ ಮಟ್ಟ ಇಳಿಸಿ ಆಮೇಲಿನ ಪದವನ್ನು ನುಂಗುತ್ತದೆ. ರೆಕಾರ್ಡರ್‌ನಲ್ಲಿ ಮಟ್ಟವನ್ನು ಕೈಯಿಂದಲೇ ಇಡಿ, ಅತಿ ಜೋರಿನ ಪೆಟ್ಟೂ ಮೈನಸ್ 12 ಡೆಸಿಬಲ್ ದಾಟದಿರಲಿ. ಮುದ್ರಣದ ಗುಣಮಟ್ಟ 48 ಕಿಲೋಹರ್ಟ್ಸ್, 24 ಬಿಟ್ ಇರಲಿ. ಪ್ರತಿ ಕಡತದ ಹೆಸರಿನಲ್ಲೇ ತಿಟ್ಟು, ತಾಳ, ವೇಗ, ಶ್ರುತಿ ಇರಲಿ. ವೇಷದ ಚಿತ್ರವನ್ನು ಮೋಡ ಕವಿದ ದಿನದ ಬೆಳಕಿನಲ್ಲಿ, ವೇಷಧಾರಿಯ ಸೊಂಟದೆತ್ತರಕ್ಕೆ ಕ್ಯಾಮೆರಾ ಇಟ್ಟು, ಸುತ್ತ 15 ಡಿಗ್ರಿಗೆ ಒಂದರಂತೆ 24 ತೆಗೆಯಿರಿ. ಆಮೇಲೆ ಮುಂಡಾಸು, ಎದೆಕಟ್ಟು, ಭುಜಕೀರ್ತಿ, ಸೊಂಟಕ್ಕೆ ಕಟ್ಟುವ ವೀರಗಸೆ ಒಂದೊಂದನ್ನೂ ಬಿಚ್ಚಿಟ್ಟು ಅಳತೆಪಟ್ಟಿಯ ಜೊತೆ ತೆಗೆಯಿರಿ. ಬೇಗಡೆ, ಕನ್ನಡಿ ಚೂರು ಬೆಳಕಿಗೆ ಹೊಳೆದು ಚಿತ್ರ ಬೆಳ್ಳಗಾಗುವುದರಿಂದ ಫ್ಲ್ಯಾಶ್ ಬೇಡವೇ ಬೇಡ. ಕುಣಿತಕ್ಕೆ ಸೆಕೆಂಡಿಗೆ 60 ಚಿತ್ರದ ವಿಡಿಯೊ, ಎದುರಿನಿಂದ ಒಂದು, ಪಕ್ಕದಿಂದ ಒಂದು, ಎರಡನ್ನೂ ಹೊಂದಿಸಲು ಶುರುವಿನಲ್ಲಿ ಒಂದು ಚಪ್ಪಾಳೆ. ಹಾಲಕ್ಕಿಗಳ ಸುಗ್ಗಿ, ಸಿದ್ದಿಗಳ ಡಮಾಮಿ ಕುಣಿತ ಮುಂತಾದವನ್ನು ಆಯಾ ಕೊಪ್ಪ, ಕೇರಿಯವರು ಒಪ್ಪಿ, ಯಾವುದನ್ನು ಹೊರಗೆ ಕೊಡಬಹುದು ಯಾವುದನ್ನು ಕೊಡಬಾರದು ಎಂದು ಅವರೇ ಹೇಳಿದ ಮೇಲೆಯೇ ಮುದ್ರಿಸಬೇಕು. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಮೇಳದಂಥ ಹಳೆಯ ಮೇಳಗಳು, ಯಕ್ಷಗಾನ ಅಕಾಡೆಮಿ, ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ ಕೂಡಿದರೆ ಇಂಥ ಸಂಗ್ರಹವನ್ನು ಒಂದು ಸ್ಪಷ್ಟ ಪರವಾನಗಿಯಡಿ ಇಡಬಹುದು: ಹೆಸರು ಹೇಳಿ ಬಳಸಿ, ವ್ಯಾಪಾರಕ್ಕಾದರೆ ಇಷ್ಟು ಕೊಡಿ. ಸರಿಯಾದದ್ದು ಸುಲಭವಾಗಿ ಸಿಕ್ಕರೆ ಕಾಲೇಜು ಹುಡುಗರು ಅದನ್ನೇ ಬಳಸುತ್ತಾರೆ.

ಎರಡು ಬಗೆಯ ಗೇಮ್‌ಗಳಿಗೆ ಮಾತ್ರ ಈ ಸಾವಧಾನ ಬೇಡ. ದೇವರ, ಮೇಳದ ಚಿತ್ರ ಮುಂದಿಟ್ಟುಕೊಂಡು ಹಣ ಕಟ್ಟಿಸಿ ಹಣ ಗೆಲ್ಲಿಸುತ್ತೇವೆ ಎನ್ನುವಂಥವು 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆಯಡಿ ನಿಷಿದ್ಧ. ಇನ್ನು ವಾಟ್ಸ್‌ಆ್ಯಪ್‌ನಲ್ಲಿ ನೇರವಾಗಿ ಎಪಿಕೆ ಕಡತವಾಗಿ ಬರುವಂಥವನ್ನು ಫೋನಿಗೆ ಹಾಕಲೇಬೇಡಿ. ಹಾಕಿದ ಮೇಲೆ ಎಸ್ಸೆಮ್ಮೆಸ್ ಓದುವ, ಪರದೆಯನ್ನೇ ಓದಿ ನಿಯಂತ್ರಿಸುವ ಆ್ಯಕ್ಸೆಸಿಬಿಲಿಟಿ ಬಳಸುವ ಅನುಮತಿ ಕೇಳಿದರೆ ಅದು ಗೇಮ್ ಅಲ್ಲ, ಬ್ಯಾಂಕಿನ ಒಟಿಪಿಗೆ ಹಾಕಿದ ಗಾಳ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಪತ್ರಿಕೆಯವರಲ್ಲಿ ಒಂದು ವಿನಂತಿ. ಇಂಥ ಗೇಮಿನ ಸುದ್ದಿ ಹಾಕುವಾಗ ಐಕಾನನ್ನು ದೊಡ್ಡದಾಗಿ ಅಚ್ಚು ಮಾಡಬೇಡಿ, ವೆಬ್ ಆವೃತ್ತಿಯಲ್ಲಿ ಲಿಂಕ್ ಕೊಡಬೇಡಿ. ಕದ್ದದ್ದು ಯಾರ ಮುದ್ರಣ, ಹಕ್ಕುದಾರರು ದೂರು ಕೊಟ್ಟಿದ್ದಾರೆಯೇ, ತಯಾರಕ ಏನೆನ್ನುತ್ತಾನೆ ಎಂಬ ಮೂರನ್ನು ವಿಚಾರಿಸಿ ಬರೆಯಿರಿ. ಓದುಗರು ಏನು ಮಾಡಬೇಕೆಂದು ಹೇಳುವುದಾದರೆ ಫ್ಲ್ಯಾಗ್ ಮಾಡುವ ದಾರಿಯನ್ನು, ಪ್ಯಾಕೇಜ್ ಹೆಸರನ್ನು ಒಂದು ಸಣ್ಣ ಚೌಕಟ್ಟಿನಲ್ಲಿ ಕೊಟ್ಟರೆ ಸಾಕು.

ಇತಿ,
ಗೇಮ್ ತಯಾರಿಕೆ ಮತ್ತು ಯಕ್ಷಗಾನದ ಕೆಲವು ಗೆಳೆಯರು
ಶಿರಸಿ – ಹೊನ್ನಾವರ, ಉತ್ತರ ಕನ್ನಡ